ಬಾವಲಿಗಳ ಬೆನ್ನು ಹತ್ತಿ ಐದು ದಿನ

ಮೊದಲ ದಿನ, ಬುಧವಾರ: ಕಲಬುರಗಿ

ಧಾರವಾಡದಿಂದ ಹೊರಟ ರಾತ್ರಿ ಬಸ್ಸು ಕಲಬುರಗಿ ಮುಟ್ಟಿದಾಗ ಬೆಳಗ್ಗೆ ಏಳು ಗಂಟೆ. ಮಾರ್ಚ್ ಮೊದಲ ವಾರ. ಆಟೋ ಇಳಿದು ಗೇಟು ತೆಗೆದರೆ ಅಕ್ಕ ಕೈಯಲ್ಲಿ ಕಸಬರಿಗೆ ಹಿಡಿದು ಅಂಗಳದಲ್ಲೇ ನಿಂತಿದ್ದಳು.

“ಬಂದಿ? ಮೊದಲು ಈ ಗಿಡ ನೋಡು. ಕಟ್ಟಿ ಮ್ಯಾಲ ಹೊಲಸ, ಸ್ಕೂಟಿ ಮ್ಯಾಲ ಹೊಲಸ. ರವಿವಾರ ಗಿಡ ಕಡಿಯವಂಗ ಬಾ ಅಂದೀನಿ.”

ನೆಲದ ಮೇಲೆ ಬದಾಮಿ ಹಣ್ಣಿನ ಓಟೆಗಳು ಬಿದ್ದಿದ್ದವು. ಜಗಿದು, ರಸ ಹೀರಿ, ಉಗುಳಿದ ನಾರಿನ ಉಂಡೆಗಳೂ ಇದ್ದವು. ತಲೆ ಎತ್ತಿ ನೋಡಿದೆ. ಕಂಬದ ಹಾಗೆ ನೆಟ್ಟಗೆ ಬೆಳೆಯುವ, ನಾವೆಲ್ಲ ಅಶೋಕ ಅಂತಲೇ ಕರೆಯುವ ಮರ. ಜೋತುಬಿದ್ದ ಎಲೆಗಳ ಒಳಗೆ ಒಂದು ಗೂಡಿನಂಥ ಜಾಗ. ಅಲ್ಲಿ ಕಂದು ಬಣ್ಣದ ಒಂದು ಮುದ್ದೆ. ಸ್ವಲ್ಪ ಹೊತ್ತು ನೋಡಿದ ಮೇಲೆ ಮುದ್ದೆಯಲ್ಲಿ ಕಣ್ಣುಗಳು ಕಾಣಿಸಿದವು. ಒಂದು ಜೊತೆ, ಎರಡು ಜೊತೆ, ಏಳು ಜೊತೆ.

ಗಿಡ್ಡ ಮೂಗಿನ ಹಣ್ಣುಬಾವಲಿ. ನಮ್ಮ ಅವ್ವ ಇದನ್ನೂ ಸೇರಿಸಿ ಎಲ್ಲವನ್ನೂ ತೊಗಲಬಾವಲಿ ಅನ್ನುತ್ತಿದ್ದಳು. ಪೇರಲ, ಮಾವು, ಆಲದ ಹಣ್ಣು ತಿಂದು ಬದುಕುವ ಪ್ರಾಣಿ. ಮೈ ಅಂಗೈಯಲ್ಲಿ ಹಿಡಿಸುವಷ್ಟು. ಆ ಗೂಡು ತಾನಾಗಿ ಆದದ್ದಲ್ಲ, ಗಂಡು ಮಾಡಿದ್ದು. ಒಳಗಿನ ಎಲೆಗಳನ್ನೂ ಎಳೆ ಕಡ್ಡಿಗಳನ್ನೂ ಹಲ್ಲಿನಿಂದ ಒಂದೊಂದೇ ಕತ್ತರಿಸುತ್ತದೆ. ಹೊರಗಿನ ಎಲೆಗಳನ್ನು ಪರದೆಯ ಹಾಗೆ ಇಳಿಬಿಡುತ್ತದೆ. ಇದು ವಾರಗಟ್ಟಲೆ ನಡೆಯುವ ಕೆಲಸ. 1990ರ ದಶಕದಲ್ಲಿ ತಮಿಳುನಾಡಿನ ತಿರುನೆಲ್ವೇಲಿ ಕಡೆ ಇದನ್ನು ಕೂತು ನೋಡಿ ಬರೆದಿಟ್ಟಿದ್ದಾರೆ. ಕೆಲಸವೆಲ್ಲ ಒಂದೇ ಗಂಡಿನದು. ಜಾಗ ಸಿದ್ಧವಾದ ಮೇಲೆ ಹೆಣ್ಣುಗಳು ಬಂದು ಸೇರುತ್ತವೆ. ಆಮೇಲೂ ಗಂಡಿಗೆ ಬಿಡುವಿಲ್ಲ. ಬೇರೆ ಗಂಡು ಬಂದು ಜಾಗ ಕಸಿಯದ ಹಾಗೆ ಕಾಯಬೇಕು.

ಅಕ್ಕನ ಮಗಳು ಒಳಗಿನಿಂದ ದುರ್ಬೀನು ತಂದಳು. ಅವಳು ಎಂ.ಎಸ್ಸಿ. ಪ್ರಾಣಿಶಾಸ್ತ್ರ ಓದುತ್ತಿದ್ದಾಳೆ. ಸಣ್ಣ ಸಸ್ತನಿಗಳು ಹೇಗೆ ಜೋಡಿ ಹುಡುಕುತ್ತವೆ, ಹೇಗೆ ಮರಿ ಮಾಡುತ್ತವೆ ಅನ್ನುವುದರ ಮೇಲೆ ಪ್ರಾಜೆಕ್ಟ್ ಮಾಡಬೇಕಂತೆ. “ಮೌಶಿ, ನೀನು ಬಂದು ತೋರಿಸು” ಅಂತ ಎರಡು ತಿಂಗಳಿಂದ ಫೋನಿನಲ್ಲಿ ಗಂಟುಬಿದ್ದಿದ್ದಳು. ನಾನು ಇಪ್ಪತ್ತು ವರ್ಷದಿಂದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಬಾವಲಿ ಅಂದರೆ ನನಗೆ ಜೀವ.

“ಮೌಶಿ, ಒಂದರ ರೆಕ್ಕಿ ಒಳಗ ಏನೋ ಅಲ್ಲಾಡ್ಲಕತ್ತದ!”

ಮರಿ. ತಾಯಿಯ ಎದೆಗೆ ಕಚ್ಚಿಕೊಂಡಿತ್ತು. ಈ ಜಾತಿ ವರ್ಷಕ್ಕೆ ಎರಡು ಸಲ ಮರಿ ಹಾಕುತ್ತದೆ. ಫೆಬ್ರವರಿ ಮಾರ್ಚ್‌ನಲ್ಲಿ ಒಂದು ಸಲ, ಮಳೆ ಶುರುವಾದ ಮೇಲೆ ಜೂನ್ ಜುಲೈನಲ್ಲಿ ಇನ್ನೊಂದು ಸಲ. ಒಂದು ಸೂಲಿಗೆ ಒಂದೇ ಮರಿ. ಮೊದಲ ಸಲದ ಮರಿ ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ಮತ್ತೆ ಬೆದೆಗೆ ಬರುತ್ತದೆ. ಒಂದನ್ನು ಎದೆಯಲ್ಲಿಟ್ಟು ಹಾಲು ಕೊಡುತ್ತಲೇ ಇನ್ನೊಂದನ್ನು ಹೊಟ್ಟೆಯಲ್ಲಿ ಬೆಳೆಸುತ್ತದೆ. ಗಂಡು ಅಷ್ಟೊಂದು ಕಷ್ಟಪಟ್ಟು ಗೂಡನ್ನು ಕಾಯುವುದೂ ಇದಕ್ಕೇ.

ಅಕ್ಕನಿಗೆ ಇದನ್ನೆಲ್ಲ ಹೇಳಿದೆ. “ಹೌದಾ?” ಅಂದಳು. ಕಸಬರಿಗೆ ಮಾತ್ರ ಕೆಳಗಿಡಲಿಲ್ಲ.

ಸಂಜೆ ಹಫ್ತ್ ಗುಂಬಜ್‌ಗೆ ಹೋದೆವು. ಬಹಮನಿ ಸುಲ್ತಾನರ ಗೋರಿಗಳು. ದೊಡ್ಡದು 1422ರಲ್ಲಿ ತೀರಿಕೊಂಡ ಫಿರೋಜ್ ಶಾಹನದು. ಬಿಸಿಲು ಇಳಿದು ಕಲ್ಲು ಇನ್ನೂ ಬಿಸಿಯಾಗಿತ್ತು. ಟಾರ್ಚಿಗೆ ಕೆಂಪು ಗಾಜಿನ ಕಾಗದ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದೆ. ಕೆಂಪು ಬೆಳಕಿಗೆ ಬಾವಲಿಗಳು ಅಷ್ಟಾಗಿ ಬೆದರುವುದಿಲ್ಲ. ಆದರೂ ಒಳಗೆ ಹೋಗಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು ಕಾದೆವು. ಆಕಾಶ ಇನ್ನೂ ತಿಳಿಯಾಗಿದ್ದಾಗಲೇ ಒಂದು ಹೊರಬಿತ್ತು. ಉದ್ದ ಕಿರಿದಾದ ರೆಕ್ಕೆ, ನೇರ ಓಟ. ಹಿಂದೆಯೇ ನಾಲ್ಕೈದು.

ಇವು ಗೋರಿ ಬಾವಲಿಗಳು. ಹೆಸರು ನಾನು ಕೊಟ್ಟದ್ದಲ್ಲ. ನೆಪೋಲಿಯನ್ನನ ದಂಡಿನ ಜೊತೆ ಈಜಿಪ್ಟಿಗೆ ಹೋಗಿದ್ದ ಫ್ರೆಂಚ್ ವಿಜ್ಞಾನಿ ಜೆಫ್ರಾ ಈ ಕುಲಕ್ಕೆ ತಾಫೋಝಸ್ ಅಂತ ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ತಾಫೋಸ್ ಅಂದರೆ ಗೋರಿ. ಹೆಸರು ಅಚ್ಚಾದದ್ದು 1818ರಲ್ಲಿ. ಉಳಿದ ಬಾವಲಿಗಳ ಹಾಗೆ ಇವು ಸೂರಿನಿಂದ ತೂಗಾಡುವುದಿಲ್ಲ. ಹೊಟ್ಟೆಯನ್ನು ಗೋಡೆಗೆ ಒತ್ತಿ, ಏಡಿಯ ಹಾಗೆ ಅಡ್ಡಡ್ಡ ಸರಿಯುತ್ತವೆ. ಗುಮ್ಮಟದ ಒಳಗೋಡೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಕೆಲವು ಜಾತಿಗಳಲ್ಲಿ ಗಂಡಿನ ಗಂಟಲ ಹತ್ತಿರ ಚೀಲದಂಥ ಗ್ರಂಥಿ ಇರುತ್ತದೆ. ಒಂದು ಜಾತಿಯಲ್ಲಿ ಗಂಡಿಗೆ ಕರಿಗಡ್ಡವೇ ಇದೆ. ಕತ್ತಲಲ್ಲಿ ಬದುಕುವ ಪ್ರಾಣಿಗೆ ಮೈಬಣ್ಣ ತೋರಿಸಿ ಹೆಣ್ಣನ್ನು ಒಲಿಸುವುದು ಆಗದ ಮಾತು. ಅದಕ್ಕೆ ವಾಸನೆ ಬೇಕು, ದನಿ ಬೇಕು.

ಕೂತಲ್ಲೇ ಅಕ್ಕನ ಮಗಳಿಗೆ ಒಂದು ಹಳೆಯ ಸಂಗತಿ ಹೇಳಿದೆ. ಹನ್ನೆರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ನಾನು ಮೂವತ್ತು ವಿದ್ಯಾರ್ಥಿಗಳನ್ನು ಒಂದು ಹಳೆಯ ಮೆಟ್ಟಿಲು ಬಾವಿಗೆ ಕರೆದುಕೊಂಡು ಹೋಗಿದ್ದೆ. ಊರಿನ ಹೆಸರು ಬೇಡ. ಬಾವಿಯ ಗೋಡೆಯ ಗೂಡುಗಳ ತುಂಬ ಬಾವಲಿ. ಮಕ್ಕಳಿಗೆ ಕಾಣಲಿ ಅಂತ ದೊಡ್ಡ ಟಾರ್ಚು ಹಾಕಿದೆ. ಎಲ್ಲವೂ ಒಮ್ಮೆಗೇ ಎದ್ದವು. ಆ ಗಡಿಬಿಡಿಯಲ್ಲಿ ತಾಯಿಯ ಮೈಯಿಂದ ಜಾರಿ ಮೂರು ಮರಿ ಕೆಳಗೆ ನೀರಿಗೆ ಬಿದ್ದವು. ಕೋಲು ಹಾಕಿ ಎತ್ತುವಷ್ಟರಲ್ಲಿ ಮುಗಿದಿತ್ತು. ಏಪ್ರಿಲ್ ಅಂದರೆ ಯಾವ ತಿಂಗಳು ಅನ್ನುವುದು ನನಗೆ ಪುಸ್ತಕದಲ್ಲಿ ಗೊತ್ತಿತ್ತು. ಬಾವಿಯ ಬಾಯಲ್ಲಿ ನಿಂತಾಗ ನೆನಪಾಗಲಿಲ್ಲ.

ಅವಳು ಏನೂ ಮಾತಾಡಲಿಲ್ಲ. ನನ್ನ ಕೈ ಹಿಡಿದು ಕೂತಳು.

ಎರಡನೇ ದಿನ, ಗುರುವಾರ: ಬೀದರ್

ಬೆಳಗಿನ ರೈಲು. ಕಲಬುರಗಿಯಿಂದ ಬೀದರಿಗೆ ನೇರ ರೈಲು ಶುರುವಾದದ್ದು 2017ರಲ್ಲಿ. ಅದಕ್ಕೆ ಮೊದಲು ಈ ದಾರಿ ಅಂದರೆ ಬಸ್ಸೇ. ಕಮಲಾಪುರದ ಕೆಂಪು ಬಾಳೆಹಣ್ಣು, ಅಕ್ಕ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ. ಹುಮನಾಬಾದ್ ದಾಟುವಷ್ಟರಲ್ಲಿ ಬುತ್ತಿ ಖಾಲಿ.

ಅಷ್ಟೂರಿನ ಗುಮ್ಮಟಗಳನ್ನು ಮಧ್ಯಾಹ್ನದೊಳಗೆ ನೋಡಿದೆವು. ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಗೋರಿಯ ಒಳಗಿನ ಚಿತ್ತಾರ ಎಷ್ಟು ನೋಡಿದರೂ ಸಾಲದು. ಮಡಿಯಾಳದಿಂದ ಜಂಗಮರು ನಡೆದು ಬಂದು ಇಲ್ಲಿ ಜಾತ್ರೆ ನಡೆಸುವುದು ನಮ್ಮ ಕಡೆಯ ದೊಡ್ಡ ಸಂಗತಿ. ಆದರೆ ನಾವು ಬಂದದ್ದು ಬೇರೆ ಕೆಲಸಕ್ಕೆ.

ಝರಣಿ ನರಸಿಂಹ. ಬೆಟ್ಟದೊಳಗೆ ಕೊರೆದ ಸುರಂಗ, ಸುಮಾರು 300 ಮೀಟರ್. ಎದೆಮಟ್ಟ ನೀರಿನಲ್ಲಿ ನಡೆದು ದೇವರ ಹತ್ತಿರ ಹೋಗಬೇಕು. ಮುಂದೆ ಒಬ್ಬ ತಂದೆ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುತ್ತಿದ್ದ. ಹಿಂದೆ ಒಬ್ಬ ಅಜ್ಜಿ ಗೋವಿಂದಾ ಅನ್ನುತ್ತಿದ್ದಳು. ತಲೆಯ ಮೇಲೆ ಕೈಗೆ ಎಟಕುವಷ್ಟು ಹತ್ತಿರ ಬಾವಲಿಗಳ ಸಾಲು. ಆ ಹುಡುಗಿ ಅವುಗಳನ್ನೇ ನೋಡುತ್ತಿದ್ದಳು. ಹೆದರಿಕೆ ಇರಲಿಲ್ಲ. “ಅಪ್ಪಾ, ಇವು ಉಲ್ಟಾ ಮಲಗ್ಯಾವ” ಅಂದಳು. ನರಸಿಂಹನ ಜೊತೆ ಇವಕ್ಕೂ ಇಲ್ಲಿ ಜಾಗ ಇದೆ ಅಂತ ಎಲ್ಲರೂ ಒಪ್ಪಿಕೊಂಡ ಹಾಗೆ ಕಂಡಿತು. ನನಗೆ ಬಹಳ ಸಮಾಧಾನವಾಯಿತು.

ಗುಹೆ, ಸುರಂಗ, ಹಳೆಯ ಕೋಟೆಯ ಕತ್ತಲಲ್ಲಿ ಬದುಕುವ ಎಲೆಮೂಗಿನ ಬಾವಲಿಗಳ ವಿಷಯದಲ್ಲಿ ಒಂದು ವಿಶೇಷ ಇದೆ. ತಾಯಿಗೆ ಎದೆಯಲ್ಲಿ ಹಾಲಿನ ಮೊಲೆ ಎರಡು. ಅದಲ್ಲದೆ ಕಿಬ್ಬೊಟ್ಟೆಯ ಕೆಳಗೆ ಇನ್ನೆರಡು ಹುಸಿಮೊಲೆ. ಅವುಗಳಲ್ಲಿ ಹಾಲಿಲ್ಲ. ಅವು ಮರಿಗೆ ಬಾಯಲ್ಲಿ ಕಚ್ಚಿಕೊಳ್ಳಲು ಇರುವ ಹಿಡಿ. ತಾಯಿ ತಲೆಕೆಳಗಾಗಿ ತೂಗುತ್ತದೆ, ಮರಿ ಅದನ್ನು ಕಚ್ಚಿ ತಲೆ ಮೇಲಾಗಿ ಅಂಟಿಕೊಳ್ಳುತ್ತದೆ. ಬಾವಲಿ ಮರಿ ಹುಟ್ಟುವಾಗಲೇ ತಾಯಿಯ ತೂಕದ ಸುಮಾರು ಕಾಲುಭಾಗ ಇರುತ್ತದೆ. 55 ಕೆಜಿ ಹೆಂಗಸು 14 ಕೆಜಿ ಕೂಸು ಹೆತ್ತ ಹಾಗೆ. ಅಷ್ಟು ಭಾರ ಹೊತ್ತು ಹಾರಬೇಕು, ಹಾರುತ್ತ ಹುಳ ಹಿಡಿಯಬೇಕು. ಹೆಚ್ಚಿನ ಬಾವಲಿಗಳು ಎರಡು ಮೂರು ಮರಿ ಯಾಕೆ ಹಾಕುವುದಿಲ್ಲ ಅಂದರೆ ಇದೇ ಕಾರಣ. ರೆಕ್ಕೆ ಅಷ್ಟನ್ನು ಎತ್ತುವುದಿಲ್ಲ.

ರಾತ್ರಿ ಲಾಡ್ಜಿನಲ್ಲಿ ಅವಳು ಟಿಪ್ಪಣಿ ಬರೆಯುತ್ತಿದ್ದಳು. ಒಂದು ಕಡೆ ನಿಲ್ಲಿಸಿದಳು. “ಮೌಶಿ, ವೃಷಣದ ಅಧ್ಯಯನ ಒಂದು ಅದ. ಅದನ್ನ ಸೆಮಿನಾರ್‌ದಾಗ ಹ್ಯಾಂಗ ಹೇಳ್ಲಿ? ಹುಡುಗರು ನಗ್ತಾರ.”

ಹೇಳಬೇಕು ಅಂದೆ. ನಮ್ಮ ಅವ್ವನ ಮನೆಯಲ್ಲಿ ಎಮ್ಮೆ ಬೆದೆಗೆ ಬಂದರೆ ಇಡೀ ಓಣಿಗೆ ಗೊತ್ತಾಗುತ್ತಿತ್ತು. ಕೋಣ ಯಾರ ಮನೆಯದು ಚೆನ್ನಾಗಿದೆ, ಗಬ್ಬ ನಿಂತಿತಾ ಇಲ್ಲವಾ ಅಂತ ಹೆಂಗಸರು ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಯಾರೂ ನಗುತ್ತಿರಲಿಲ್ಲ. ಅದು ಬದುಕಿನ ಮಾತಾಗಿತ್ತು. ಓದಿದ ನಮಗೆ ನಾಚಿಕೆ ಯಾಕೆ?

ಆ ಅಧ್ಯಯನ ಬಂದದ್ದು 2006ರಲ್ಲಿ. ಬಾವಲಿಗಳಲ್ಲಿ ವೃಷಣದ ತೂಕ ಮೈತೂಕದ ಶೇಕಡ 0.12ರಿಂದ 8.4ರವರೆಗೆ ಇರುತ್ತದೆ. 60 ಕೆಜಿ ಮನುಷ್ಯನಿಗೆ ಲೆಕ್ಕ ಹಾಕಿದರೆ 8.4 ಅಂದರೆ 5 ಕೆಜಿ. ಹೆಣ್ಣು ಹಲವು ಗಂಡುಗಳ ಜೊತೆ ಕೂಡುವ ಜಾತಿಗಳಲ್ಲಿ ವೃಷಣ ದೊಡ್ಡದು. ಒಳಗೆ ಹಲವರ ವೀರ್ಯ ಪೈಪೋಟಿಗೆ ಇಳಿಯುವುದರಿಂದ ಜಾಸ್ತಿ ವೀರ್ಯ ಇದ್ದವನಿಗೆ ಮೇಲುಗೈ. ಅದೇ ಜಾತಿಗಳಲ್ಲಿ ಮಿದುಳು ಚಿಕ್ಕದು. ಎರಡನ್ನೂ ಸಾಕುವುದು ದುಬಾರಿ. ಸಣ್ಣ ಮೈಯ ಪ್ರಾಣಿಗೆ ಎರಡೂ ದಕ್ಕುವುದಿಲ್ಲ ಅನ್ನುವುದು ಅವರ ವಿವರಣೆ. ನನಗೆ ಇಷ್ಟವಾದದ್ದು ಇನ್ನೊಂದು ಮಾತು. ಗಂಡು ಎಷ್ಟು ಹೆಣ್ಣುಗಳ ಜೊತೆ ಇದೆ ಅನ್ನುವುದರಿಂದ ಈ ವ್ಯತ್ಯಾಸ ಬರುವುದಿಲ್ಲ. ಹೆಣ್ಣು ಏನು ಮಾಡುತ್ತಾಳೆ ಅನ್ನುವುದರಿಂದ ಬರುತ್ತದೆ.

ಮೂರನೇ ದಿನ, ಶುಕ್ರವಾರ: ಬೀದರ್ ಕೋಟೆ, ಮಾವನ ಊರು

ಬೆಳಗ್ಗೆ ಕೋಟೆಯ ರಂಗೀನ್ ಮಹಲ್. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ. ನೆರಳಿನಲ್ಲೂ ಹೊಳೆಯುತ್ತಿತ್ತು. ಗೈಡ್ ಭಾಯಿ ಕೋಟೆಯ ಅರಮನೆಗಳ ಜನಾನಾದ, ಅಂದರೆ ರಾಣಿವಾಸದ, ಕಥೆ ಹೇಳಿದರು. ಅಕ್ಕನ ಮಗಳು ನನ್ನ ಕಡೆ ತಿರುಗಿದಳು. “ಮೌಶಿ, ಬಾವಲಿ ಪಾಠದಾಗೂ ಒಂದು ಗಂಡು ಹತ್ತು ಹೆಣ್ಣು ಇದ್ರ ಜನಾನಾ ಅಂತನೇ ಬರೀತಾರ, ಅಲ್ವಾ?”

ಬರೆಯುತ್ತಾರೆ. ಆ ಮಾತು ನನಗೆ ಒಪ್ಪಿಗೆ ಇಲ್ಲ. ಜನಾನಾಕ್ಕೆ ಬಾಗಿಲು ಇತ್ತು, ಕಾವಲು ಇತ್ತು. ಅಕ್ಕನ ಮನೆಯ ಅಶೋಕ ಮರದಲ್ಲಿ ಯಾರಿಗೂ ಬೀಗ ಹಾಕಿಲ್ಲ. ಗಂಡು ಕಾಯುವುದು ಜಾಗವನ್ನು. ಹೆಣ್ಣುಗಳು ರಾತ್ರಿ ಹೊರಗೆ ಹೋಗುತ್ತವೆ, ಬೇಕಾದರೆ ಬೇರೆ ಗೂಡಿಗೆ ಸೇರುತ್ತವೆ. ದಕ್ಷಿಣ ಭಾರತದ ಇದೇ ಗಿಡ್ಡ ಮೂಗಿನ ಬಾವಲಿಗಳ ಡಿಎನ್‌ಎ ನೋಡಿದ ಅಧ್ಯಯನ 2012ರಲ್ಲಿ ಬಂತು. ಗೂಡಿನಲ್ಲಿ ಹುಟ್ಟಿದ ಮರಿಗಳಿಗೆಲ್ಲ ಗೂಡು ಕಾಯುವ ಗಂಡೇ ತಂದೆ ಅಲ್ಲ ಅಂತ ಗೊತ್ತಾಯಿತು. ಹಗಲು ಯಾರ ಜೊತೆ ಮಲಗಿದೆ ಅನ್ನುವುದು ನೋಡುವವರಿಗೆ ಕಂಡಿತು. ರಾತ್ರಿ ಯಾರ ಜೊತೆ ಕೂಡಿತು ಅನ್ನುವುದು ಹೆಣ್ಣಿಗೆ ಮಾತ್ರ ಗೊತ್ತಿತ್ತು. ಹೊರಗಿನಿಂದ ನೋಡಿ ಒಂದು ಹೆಸರು ಅಂಟಿಸಿಬಿಟ್ಟರೆ ಎಷ್ಟು ದಿನ ತಪ್ಪು ತಿಳಿದುಕೊಂಡಿರುತ್ತೇವೆ ನೋಡಿ.

ಮಧ್ಯಾಹ್ನ ಭಾಲ್ಕಿ ಕಡೆಯ ಹಳ್ಳಿಗೆ, ಸೋದರಮಾವನ ಮನೆಗೆ. ಬಿಳಿಜೋಳದ ಸುಗ್ಗಿ. ಕಣಕಿಯ ಬಣವಿ ಎದ್ದಿತ್ತು. ಮಾವ ನಮ್ಮನ್ನು ನೇರ ಹೊಲಕ್ಕೆ ಕರೆದುಕೊಂಡು ಹೋದ.

“ನೋಡವ್ವ, ನಿನ್ನ ಸಣ್ಣ ಪ್ರಾಣಿ ಇಲ್ಲಿ ಅದಾವ. ನನ್ನ ಜ್ವಾಳ ಎಲ್ಲಾ ತಿಂದು ಹಾಕ್ಯಾವ.”

ಬದುವಿನ ಉದ್ದಕ್ಕೂ ಬಿಲ. ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ. ಮಾವ ಗುದ್ದಲಿಯಿಂದ ಒಂದನ್ನು ಅಗೆದ. ಮೊಳಕೈ ಆಳದಲ್ಲಿ ಒಂದು ಅಡ್ಡ ಕೋಣೆ, ಅದರ ತುಂಬ ಜೋಳದ ತೆನೆ. ಹೆಗ್ಗಣದ ಉಗ್ರಾಣ. ನನಗೆ ಸಿಟ್ಟಿಗಿಂತ ಬೆರಗೇ ಜಾಸ್ತಿ ಆಯಿತು. ಮಾವನಿಗೆ ಹಾಗಲ್ಲ, ಅದು ಅವನ ವರ್ಷದ ದುಡಿಮೆ.

ಇಲಿ, ಹೆಗ್ಗಣಗಳ ದಾರಿಯೇ ಬೇರೆ. ಬಸಿರು ಬರೀ ಮೂರು ವಾರದ ಆಸುಪಾಸು. ಒಂದು ಸೂಲಿಗೆ ಐದು, ಆರು, ಎಂಟು ಮರಿ. ಈದ ಒಂದು ದಿನದೊಳಗೆ ಮತ್ತೆ ಬೆದೆ. ಹೆಣ್ಣು ಬೆದೆಯಲ್ಲಿರುವುದು ಕೆಲವೇ ಗಂಟೆ. ಅಷ್ಟರಲ್ಲಿ ಹಲವು ಗಂಡು ಬರುತ್ತವೆ. ಅದಕ್ಕೇ ಇಲಿಗಳಲ್ಲಿ ಗಂಡಿನ ವೀರ್ಯ ಗಟ್ಟಿಯಾಗಿ ಬಿರಡೆಯ ಹಾಗೆ ಕೂತುಬಿಡುತ್ತದೆ. ಮುಂದಿನವನಿಗೆ ದಾರಿ ಕಷ್ಟವಾಗಲಿ ಅಂತ. ಸಣ್ಣ ಇಲಿಗಳಲ್ಲಿ ಇನ್ನೊಂದು ವಿಚಿತ್ರ ಇದೆ. ಆಗಷ್ಟೇ ಬಸಿರಾದ ಹೆಣ್ಣಿಗೆ ಹೊಸ ಗಂಡಿನ ವಾಸನೆ ಬಡಿದರೆ ಬಸಿರು ನಿಲ್ಲುವುದೇ ಇಲ್ಲ. ಹಿಲ್ಡಾ ಬ್ರೂಸ್ ಎಂಬ ವಿಜ್ಞಾನಿ 1959ರಲ್ಲಿ ಇದನ್ನು ತೋರಿಸಿದರು. ಹೊಸ ಗಂಡು ಬಂದರೆ ಬೇರೆಯವನ ಮರಿಗಳನ್ನು ಕೊಲ್ಲುವುದು ಇಲಿಗಳಲ್ಲಿ ಉಂಟು. ಹುಟ್ಟಿ ಸಾಯುವುದಕ್ಕಿಂತ ಮೊದಲೇ ಬಿಟ್ಟುಬಿಡುವುದು ತಾಯಿಗೆ ಕಡಿಮೆ ನಷ್ಟ ಅಂತ ಹಲವರು ಅರ್ಥ ಮಾಡುತ್ತಾರೆ.

ಮಾವ ಕೇಳಿಸಿಕೊಂಡು, “ಇಷ್ಟೆಲ್ಲಾ ಅದಾವಾ ಅದರಾಗ!” ಅಂದ. ಬಿಲ ಮುಚ್ಚಿದ.

ಬಣವಿಯ ಬುಡದಲ್ಲಿ ಒಂದು ಮೂಗಿಲಿ ಮರಿಗಳ ಸಾಲನ್ನು ಕರೆದುಕೊಂಡು ಓಡಿತು. ಮೊದಲ ಮರಿ ತಾಯಿಯ ಬಾಲದ ಬುಡ ಕಚ್ಚಿತ್ತು, ಎರಡನೆಯದು ಮೊದಲನೆಯದರ ಬಾಲದ ಬುಡ. ರೈಲಿನ ಡಬ್ಬಿಗಳ ಹಾಗೆ. ಓದಿದ್ದೆ, ಕಣ್ಣಾರೆ ನೋಡಿದ್ದು ಇದೇ ಮೊದಲು. ಮೂಗಿಲಿ ನೋಡಲು ಇಲಿಯ ಹಾಗಿದ್ದರೂ ಇಲಿಯ ಜಾತಿ ಅಲ್ಲ. ಇದರ ಹೆಣ್ಣಿಗೆ ಇಲಿಯ ಹಾಗೆ ಬೆದೆಯ ಸುತ್ತು ಇಲ್ಲ. ಗಂಡಿನ ಜೊತೆ ಕೂಡಿದ ಮೇಲೇ ಅಂಡ ಬಿಡುಗಡೆಯಾಗುತ್ತದೆ.

ಮಾವನ ಮನೆ ಹಳೆಯ ಮಾಳಿಗೆ ಮನೆ. ದಪ್ಪ ಮಣ್ಣಿನ ಗೋಡೆ, ಜಂತಿ. ಸಂಜೆ ಜಂತಿಯ ಸಂದಿನಿಂದ ಹಳದಿ ಹೊಟ್ಟೆಯ ಬಾವಲಿಗಳು ಒಂದೊಂದೇ ಜಾರಿದವು. ಅಕ್ಕನ ಮಗಳು ಎಣಿಸಿದಳು, ಹನ್ನೊಂದು. ಅಂಗಳದ ಮೂಲೆಯಲ್ಲಿ, ನೆಲದಡಿ ಕಾಳು ತುಂಬಿಡುತ್ತಿದ್ದ ಹಗೇವಿನ ಬಾಯಿಗೆ ಕಲ್ಲು ಮುಚ್ಚಿತ್ತು. ಈಗ ಯಾರೂ ಅದರಲ್ಲಿ ಜೋಳ ತುಂಬುವುದಿಲ್ಲ. ಆ ಕಲ್ಲಿನ ಮೇಲೆ ಕೂತೇ ನಾನು ಅವಳಿಗೆ ಹೇಳಿದೆ, ಆ ಹಳದಿ ಬಾವಲಿಯ ಹೊಟ್ಟೆಯೂ ಒಂದು ಹಗೇವು.

ಈ ಬಾವಲಿಯ ಮೇಲೆ ವಾರಾಣಸಿಯಲ್ಲಿ 1970ರ ದಶಕದಲ್ಲಿ ಒಳ್ಳೆಯ ಕೆಲಸ ನಡೆದಿದೆ. ಅಲ್ಲಿ ಗಂಡು ಹೆಣ್ಣು ಕೂಡುವುದು ಜನವರಿಯ ಚಳಿಯಲ್ಲಿ. ಆದರೆ ಆಗ ಅಂಡ ಬಿಡುಗಡೆಯಾಗುವುದಿಲ್ಲ. ವೀರ್ಯ ಹೆಣ್ಣಿನ ಹೊಟ್ಟೆಯೊಳಗೆ ಕೆಡದೆ ವಾರಗಟ್ಟಲೆ ಇರುತ್ತದೆ. ಮಾರ್ಚ್ ಶುರುವಿನಲ್ಲಿ ಅಂಡ ಬರುತ್ತದೆ, ಆಗ ಬಸಿರು. ಮರಿ ಹುಟ್ಟುವುದು ಜುಲೈನಲ್ಲಿ. ಮಳೆ ಬಿದ್ದು ಹುಳುಗಳು ಎದ್ದಿರುತ್ತವೆ, ಹಾಲೂಡುವ ತಾಯಿಗೆ ಹೊಟ್ಟೆ ತುಂಬ ಊಟ. ಯುರೋಪಿನ ನಾಕ್ಟ್ಯೂಲ್ ಎಂಬ ಬಾವಲಿಯಲ್ಲಿ ವೀರ್ಯ ಆರು ತಿಂಗಳಿಗೂ ಜಾಸ್ತಿ ಉಳಿದದ್ದು ಗೊತ್ತಾಗಿದೆ. ನಮ್ಮಲ್ಲಿ ಬಾವಲಿಗಳ ಸಂತಾನದ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಎ. ಗೋಪಾಲಕೃಷ್ಣ ಒಬ್ಬರು. ಅವರೂ ಅವರ ಶಿಷ್ಯರೂ ದಶಕಗಟ್ಟಲೆ ಇದೇ ಕೆಲಸ ಮಾಡಿದರು.

“ಅಂದ್ರ ಈಗ ಮಾರ್ಚ್ ಮೊದಲ ವಾರ ಅಲ್ವಾ ಮೌಶಿ” ಅಂದಳು ಹುಡುಗಿ. ಬಾವಲಿಗಳು ಹೋದ ದಿಕ್ಕನ್ನೇ ನೋಡುತ್ತಿದ್ದಳು.

ಅವಳ ಪ್ರಾಜೆಕ್ಟಿನ ವಿಷಯ ಅಲ್ಲೇ ಗೊತ್ತಾಯಿತು. ಈ ಜಂತಿ, ಈ ಹನ್ನೊಂದು. ಹಿಡಿಯುವುದಿಲ್ಲ, ಕೊಯ್ಯುವುದಿಲ್ಲ. ತಿಂಗಳಿಗೆ ಎರಡು ಸಲ ಬಂದು ಸಂಜೆ ಎಣಿಸುವುದು. ಜುಲೈನಲ್ಲಿ ಎಷ್ಟಾಗುತ್ತವೆ ನೋಡುವುದು. ಮಾವ ಊಟಕ್ಕೆ ಪುಂಡಿ ಪಲ್ಯ ಮಾಡಿಸಿದ್ದ. “ಬಾರವ್ವ, ಎಣಿಸಾಕ ಬಾ. ನಿನಗ ರೊಟ್ಟಿ ಇಕ್ಕತೀನಿ” ಅಂದ.

ನಾಲ್ಕನೇ ದಿನ, ಶನಿವಾರ: ಯಾದಗಿರಿ

ನಸುಕಿಗೆ ಎದ್ದು ಬಾಡಿಗೆ ಕಾರು ಹಿಡಿದೆವು. ಕಲಬುರಗಿ ದಾಟಿ ಯಾದಗಿರಿ. ದಾರಿಯ ವಿಷಯ ಹೇಳುವಂಥದ್ದೇನೂ ಇಲ್ಲ. ಉದ್ದಕ್ಕೂ ನಿದ್ದೆ.

ಯಾದಗಿರಿಯಿಂದ ಸ್ವಲ್ಪ ದೂರದ ಒಂದು ಹಳ್ಳಿಯಲ್ಲಿ ಕೆರೆಯ ಪಕ್ಕ ದೊಡ್ಡ ಹುಣಸೆಮರಗಳಿವೆ. ಹಗಲಲ್ಲೇ ಮರದ ತುಂಬ ಕರಿಕೊಡೆ ಮಡಚಿ ತೂಗುಹಾಕಿದ ಹಾಗೆ ದೊಡ್ಡ ಬಾವಲಿಗಳು. ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗೂ ಜಾಸ್ತಿ. ಗದ್ದಲವೋ ಗದ್ದಲ. ಬಿಸಿಲಿಗೆ ರೆಕ್ಕೆ ಬೀಸಿಕೊಳ್ಳುತ್ತಿದ್ದವು. ಇವು ಕೂಡುವುದು ಜುಲೈನಿಂದ ಅಕ್ಟೋಬರ್ ನಡುವೆ. ಬಸಿರು ಸುಮಾರು ಐದು ತಿಂಗಳು. ಮರಿ ಫೆಬ್ರವರಿಯಿಂದ ಮೇ ಒಳಗೆ, ವರ್ಷಕ್ಕೆ ಒಂದೇ. ಮೊದಲ ಕೆಲವು ವಾರ ತಾಯಿ ಮರಿಯನ್ನು ಹೊತ್ತೇ ಹಾರುತ್ತದೆ. ದುರ್ಬೀನಿನಲ್ಲಿ ನೋಡಿದರೆ ಹಲವು ರೆಕ್ಕೆಗಳ ಒಳಗಿಂದ ಸಣ್ಣ ಮುಖ ಇಣುಕುತ್ತಿತ್ತು.

ಮರದ ಕೆಳಗೆ ಕುರಿ ಬಿಟ್ಟುಕೊಂಡು ಒಬ್ಬ ಕಾಕಾ ಕೂತಿದ್ದರು. “ನಮ್ಮ ಅಜ್ಜನ ಕಾಲದಿಂದ ಅದಾವ್ರಿ. ಇವು ಇದ್ರ ಊರಿಗೆ ಮಳಿ ಅಂತೀವಿ. ಜಾತ್ರ್ಯಾಗ ಈ ಕಡೆ ಪಟಾಕಿ ಹಾರಸಂಗಿಲ್ಲ.” ಆಮೇಲೆ ಸ್ವಲ್ಪ ತಡೆದು ಕೇಳಿದರು. “ಆದ್ರ ರೋಗ ತರ್ತಾವ ಅಂತ ಟೀವ್ಯಾಗ ಹೇಳ್ತಾರ. ಖರೇನು?”

ಮುಚ್ಚಿಡುವ ಮಾತಲ್ಲ. ಈ ದೊಡ್ಡ ಬಾವಲಿಗಳ ಮೈಯಲ್ಲಿ ನಿಪಾ ವೈರಸ್ ಇರಬಹುದು. 2018ರಲ್ಲಿ ಕೇರಳದಲ್ಲಿ ಜನ ಸತ್ತರು. ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ, ಕೆಳಗೆ ಬಿದ್ದದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳಿಗೂ ಹೇಳಿ ಅಂದೆ. ಮರ ಕಡಿದು ಓಡಿಸಿದರೆ ರೋಗ ಹೋಗುವುದಿಲ್ಲ. ಅವು ಇನ್ನೊಂದು ಊರಿನ ಮರಕ್ಕೆ ಹೋಗುತ್ತವೆ ಅಷ್ಟೆ. ಕಾಕಾ ತಲೆ ಆಡಿಸಿದರು.

ಒಂದು ಸಂಗತಿ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಐದನೇ ಪಟ್ಟಿ ಅಂತ ಒಂದಿತ್ತು. ಉಪದ್ರವದ ಪ್ರಾಣಿಗಳ ಪಟ್ಟಿ. ಯಾರು ಬೇಕಾದರೂ ಕೊಲ್ಲಬಹುದು. ಅದರಲ್ಲಿ ಕಾಗೆ, ಇಲಿ, ಹೆಗ್ಗಣಗಳ ಜೊತೆ ಹಣ್ಣುಬಾವಲಿಯನ್ನೂ ಹಾಕಿದ್ದರು. ನಿನ್ನೆ ಮಾವನ ಹೊಲದಲ್ಲಿ ನೋಡಿದ ಹೆಗ್ಗಣವೂ ಈ ಹುಣಸೆಮರದ ತಾಯಿಯೂ ಒಂದೇ ಸಾಲಿನಲ್ಲಿ! ಹೆಗ್ಗಣವನ್ನು ಈ ವರ್ಷ ಎಷ್ಟು ಹೊಡೆದರೂ ಬರುವ ಸುಗ್ಗಿಗೆ ಮತ್ತೆ ಅಷ್ಟೇ ಇರುತ್ತವೆ. ಬಾವಲಿಯ ಲೆಕ್ಕ ಹಾಗಲ್ಲ. ಒಂದು ತಾಯಿ ಹೋದರೆ ಆ ಜಾಗ ತುಂಬಲು ವರ್ಷಗಳೇ ಬೇಕು. ಅವು ಬಹಳ ವರ್ಷ ಬದುಕುವ ಪ್ರಾಣಿಗಳು, ಆ ನಂಬಿಕೆಯ ಮೇಲೇ ನಿಧಾನವಾಗಿ ಮರಿ ಮಾಡುತ್ತವೆ. ಸೈಬೀರಿಯಾದಲ್ಲಿ ಸುಮಾರು 7 ಗ್ರಾಂ ತೂಕದ ಒಂದು ಬಾವಲಿ 41 ವರ್ಷ ಬದುಕಿದ್ದು ದಾಖಲಾಗಿದೆ. ಏಳು ಗ್ರಾಂ! 2022ರ ತಿದ್ದುಪಡಿಯಲ್ಲಿ ಆ ಐದನೇ ಪಟ್ಟಿಯನ್ನೇ ತೆಗೆದರು. ಐವತ್ತು ವರ್ಷ ಬೇಕಾಯಿತು.

ಸಂಜೆ ಯಾದಗಿರಿ ಕೋಟೆ ಹತ್ತಿದೆವು. ಮೇಲಿನಿಂದ ಊರು, ದೂರದಲ್ಲಿ ಭೀಮಾ. ಬಂಡೆ ಇನ್ನೂ ಸುಡುತ್ತಿತ್ತು. ಅವಳಿಗೆ ಆಫ್ರಿಕಾದ ಸುತ್ತಿಗೆತಲೆ ಬಾವಲಿಯ ಕಥೆ ಹೇಳಿದೆ. ರಾತ್ರಿ ನದಿಯ ದಂಡೆಯ ಮರಗಳಲ್ಲಿ ಗಂಡುಗಳು ಸಾಲಾಗಿ ಕೂತು ಒಂದೇ ಸಮನೆ ಕೂಗುತ್ತವೆ. ಆ ಕೂಗಿಗಾಗಿಯೇ ಗಂಡಿನ ಗಂಟಲಪೆಟ್ಟಿಗೆ ಎದೆಗೂಡಿನ ಒಳಗೆಲ್ಲ ತುಂಬಿಕೊಂಡಿರುತ್ತದೆ. ಹೆಣ್ಣು ಆ ಸಾಲಿನ ಮುಂದೆ ಹಾರುತ್ತ ಒಬ್ಬೊಬ್ಬನ ಕೂಗನ್ನೂ ಕೇಳುತ್ತದೆ. ಮನಸ್ಸಿಗೆ ಬಂದವನ ಹತ್ತಿರ ಇಳಿಯುತ್ತದೆ. ಗೂಡು ಇಲ್ಲ, ಊಟ ಇಲ್ಲ, ಮರಿ ಸಾಕುವ ಸಹಾಯ ಇಲ್ಲ. ಬರೀ ದನಿ. ಗ್ಯಾಬೊನ್ ದೇಶದಲ್ಲಿ ಇದನ್ನು ನೋಡಿದ ಜಾಕ್ ಬ್ರಾಡ್‌ಬರಿ 1977ರಲ್ಲಿ ಬರೆದ ಲೆಕ್ಕ ಹೀಗಿದೆ. ನೂರು ಗಂಡುಗಳಲ್ಲಿ ಆರಕ್ಕೇ ನೂರರಲ್ಲಿ 79 ಕೂಡುವಿಕೆ ದಕ್ಕಿತು.

“ಉಳಿದ ತೊಂಬತ್ನಾಕು?” ಅಂದಳು.

ಮರುದಿನ ರಾತ್ರಿ ಮತ್ತೆ ಬಂದು ಕೂಗುತ್ತವೆ ಅಂದೆ.

ಕತ್ತಲಾದ ಮೇಲೆ ಕೋಟೆಯ ಒಂದು ಹಾಳು ಕೋಣೆಯ ಬಾಗಿಲಿಗೆ ಬಂದೆವು. ಒಳಗೆ ಬಾವಲಿಯ ವಾಸನೆ. ಸಣ್ಣ ಚಿಲಿಪಿಲಿ. ಅವಳು ಟಾರ್ಚು ಕೈಗೆತ್ತಿಕೊಂಡಳು. ಆಮೇಲೆ ತಾನಾಗಿಯೇ ಚೀಲಕ್ಕೆ ಹಾಕಿದಳು. ಇಬ್ಬರೂ ಬಾಗಿಲ ಹೊರಗೆ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡೆವು. ಇಳಿದು ಬಂದೆವು.

ಐದನೇ ದಿನ, ರವಿವಾರ: ಕಲಬುರಗಿ

ಗಿಡ ಕಡಿಯುವವರು ಎಂಟು ಗಂಟೆಗೇ ಬಂದರು. ಹೆಗಲ ಮೇಲೆ ಹಗ್ಗ, ಕೈಯಲ್ಲಿ ಕೊಡಲಿ. ಅಕ್ಕ ಚಹಾ ಕೊಟ್ಟಳು. ನಾನು ಬಾಯಿ ಬಿಡುವ ಮೊದಲೇ ಅವಳ ಮಗಳು ತಾಯಿಯನ್ನು ಕೈ ಹಿಡಿದು ಮರದ ಕೆಳಗೆ ಕರೆದುಕೊಂಡು ಹೋಗಿ ದುರ್ಬೀನು ಕಣ್ಣಿಗೆ ಹಿಡಿಸಿದಳು.

ಅಕ್ಕ ಬಹಳ ಹೊತ್ತು ನೋಡಿದಳು. “ಅಯ್ಯ, ಕೂಸು ಹಾಲು ಕುಡೀಲಕತ್ತದ” ಅಂದಳು. ದನಿ ಬೇರೆಯಾಗಿತ್ತು. ದುರ್ಬೀನು ಇಳಿಸಿ ನನ್ನ ಕಡೆ ತಿರುಗಿದಳು.

“ಹಂಗಾರ ಯಾವಾಗ ಕಡಿಸಬೇಕು?”

ಮಗಳೇ ಲೆಕ್ಕ ಹಾಕಿದಳು. ಈ ಮರಿ ಹಾಲು ಬಿಡಲು ಒಂದು ತಿಂಗಳ ಮೇಲೆ ಬೇಕು. ಅಷ್ಟರಲ್ಲಿ ತಾಯಿ ಮತ್ತೆ ಬಸಿರು. ಜೂನ್ ಜುಲೈಗೆ ಇನ್ನೊಂದು ಮರಿ. ಅದು ಹಾರುವಷ್ಟರಲ್ಲಿ ಆಗಸ್ಟ್ ಕಳೆಯುತ್ತದೆ. ಅಕ್ಟೋಬರಿಗೆ ಮತ್ತೆ ಕೂಡುವ ಕಾಲ.

“ಸೆಪ್ಟೆಂಬರ್” ಅಂದಳು. “ಅದೂ ಪೂರಾ ಅಲ್ಲ ಅವ್ವ. ಕಟ್ಟಿ ಕಡೆ ಬಾಗಿದ ಟೊಂಗಿ ಅಷ್ಟೆ. ಮ್ಯಾಲಿನ ಗೂಡು ಬಿಡೋಣ.”

ಗಿಡ ಕಡಿಯುವವರಿಗೆ ಅಕ್ಕ ನೂರು ರೂಪಾಯಿ ಕೊಟ್ಟು, ಬಂದದ್ದಕ್ಕೆ ಇರಲಿ ಅಂದಳು. ಅವರು ಚಹಾದ ಲೋಟ ಇಟ್ಟು, ಮರದ ಕಡೆ ಒಮ್ಮೆ ನೋಡಿ, ನಕ್ಕು ಹೋದರು. ಅಕ್ಕ ಸ್ಕೂಟಿಯನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿದಳು. ಕಟ್ಟೆಯ ಮೇಲೆ ಹಳೆಯ ಚಾದರ ಹಾಸಿದಳು. ಒಳಗೆ ಹೋಗಿ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸಿನ ತಾರೀಖು ಬರೆಯುವ ಪೆನ್ಸಿಲ್ಲಿನಿಂದಲೇ ಸೆಪ್ಟೆಂಬರ್ ಹಾಳೆ ತೆಗೆದು ಬರೆದಳು: ಅಶೋಕ ಗಿಡ, ಕೆಳಗಿನ ಟೊಂಗಿ ಮಾತ್ರ.